ಹಳೆಯ ದೋಣಿಗೆ ಹೊಸ ಹಾಡು

ಮಕ್ಕಳೇ, ನಿಮ್ಮ ಮನೆಯ ಹಳೆಯ ಸೈಕಲ್ಲಿಗೆ ಹೊಸ ಸೀಟು, ಹೊಸ ಗಂಟೆ ಹಾಕಿಸಿದ ನೆನಪಿದೆಯೇ? ಆ ದಿನ ಸೈಕಲ್ಲು ಪೂರ್ತಿ ಹೊಸದಾದಂತೆ ಕಂಡಿರಬೇಕು. ನನ್ನ ಸೋದರಮಾವನಿಗೂ ಇಂಥದೇ ಆಸೆ ಹುಟ್ಟಿತು. ಆದರೆ ಅವರ ಬಳಿ ಇದ್ದದ್ದು ಸೈಕಲ್ಲಲ್ಲ, ದೋಣಿ.

ಉತ್ತರ ಕನ್ನಡ ಜಿಲ್ಲೆಯ ಹೊನ್ನಾವರದಲ್ಲಿ ಶರಾವತಿ ನದಿ ಅರಬ್ಬಿ ಸಮುದ್ರವನ್ನು ಸೇರುತ್ತದೆ. ನದಿ ಸಮುದ್ರ ಸೇರುವ ಜಾಗಕ್ಕೆ ಅಳಿವೆ ಎನ್ನುತ್ತಾರೆ. ಅಲ್ಲಿ ಮಾವನ ಬಳಿ ಹದಿನೆಂಟು ಅಡಿ ಉದ್ದದ ಒಂದು ಫೈಬರ್ ದೋಣಿ ಇದೆ. ಅದಕ್ಕೆ ಈಗ ಇಪ್ಪತ್ತು ವರ್ಷ. ಹಿಂಭಾಗದಲ್ಲಿ 40 ಅಶ್ವಶಕ್ತಿಯ ಎಂಜಿನ್ ತೂಗುತ್ತದೆ. ಕೆಲವು ದಿನ ಗಾಳ ಹಾಕಿ ಮೀನು ಹಿಡಿಯುವುದು, ಕೆಲವು ದಿನ ಕಾಂಡ್ಲಾ ಕಾಡು ನೋಡಲು ಬಂದವರನ್ನು ನದಿಯಲ್ಲಿ ಸುತ್ತಿಸುವುದು ಅವರ ಕೆಲಸ.

ಒಂದು ದಿನ ಮಾವ ಪೇಟೆಗೆ ಹೋಗಿ ದೊಡ್ಡದೊಂದು ಸ್ಟೀರಿಯೊ ತಂದರು. ಜೊತೆಗೆ ಎರಡು ಸ್ಪೀಕರ್, ಕೂರಲು ದಪ್ಪ ಸ್ಪಂಜಿನ ಸೀಟು, ಕೆಳಗೆ ಹಾಸಲು ಬಣ್ಣದ ರತ್ನಗಂಬಳಿ. ಕಾರಿಗೆ ಹಾಕುವ ಸಾಮಾನುಗಳೇ ಅವು. "ಕಾರಿಗೂ 12 ವೋಲ್ಟ್ ಬ್ಯಾಟರಿ, ದೋಣಿಗೂ 12 ವೋಲ್ಟ್ ಬ್ಯಾಟರಿ. ಅಲ್ಲಿ ನಡೆದದ್ದು ಇಲ್ಲಿ ಯಾಕೆ ನಡೆಯೂದಿಲ್ಲ?" ಎಂದರು ಮಾವ. ಒಂದೇ ದಿನದಲ್ಲಿ ಎಲ್ಲವನ್ನೂ ಜೋಡಿಸಿಬಿಟ್ಟರು.

ಅಲ್ಲಿ ನಡೆದದ್ದು ಇಲ್ಲಿ ಏಕೆ ನಡೆಯಲಿಲ್ಲ ಎಂಬುದೇ ಈ ಲೇಖನದ ವಿಷಯ.

ಸಂಜೆ ಐದು ಗಂಟೆಗೆ ಕೇಳಿದ "ಟಕ್"

ಅದು ಜನವರಿ ತಿಂಗಳ ಒಂದು ಭಾನುವಾರ. ನಾನೂ ಆ ದೋಣಿಯಲ್ಲಿದ್ದೆ. ಬೆಳಿಗ್ಗೆ ಹನ್ನೊಂದಕ್ಕೆ ಅಳಿವೆಯ ಬಾಯಿಯ ಹತ್ತಿರ ಲಂಗರು ಹಾಕಿ, ಎಂಜಿನ್ ಆರಿಸಿ, ಗಾಳ ಇಳಿಬಿಟ್ಟು ಕುಳಿತೆವು. ಸ್ಟೀರಿಯೊದಲ್ಲಿ ಹಾಡು ಶುರುವಾಯಿತು. ಆರು ಗಂಟೆಗಳ ಕಾಲ ಅದು ನಿಲ್ಲಲೇ ಇಲ್ಲ.

ಸಂಜೆ ಐದಕ್ಕೆ ಮಾವ ಲಂಗರು ಎತ್ತಿ ಎಂಜಿನ್ನಿನ ಕೀಲಿ ತಿರುಗಿಸಿದರು. "ಟಕ್" ಎಂಬ ಸಣ್ಣ ಸದ್ದು ಬಂತು, ಅಷ್ಟೇ. ಮತ್ತೆ ತಿರುಗಿಸಿದರು. ಮತ್ತೆ "ಟಕ್". ಹಗ್ಗ ಎಳೆದು ಎಂಜಿನ್ ಚಾಲೂ ಮಾಡುವ ಭಾಗ ತುಕ್ಕು ಹಿಡಿದು ಎಂದೋ ಕೆಟ್ಟಿತ್ತು. ಅಷ್ಟರಲ್ಲಿ ಇಳಿತ ಆರಂಭವಾಗಿ ನೀರು ಸಮುದ್ರದ ಕಡೆಗೆ ಓಡುತ್ತಿತ್ತು. ದೋಣಿಯೂ ಅದರ ಜೊತೆ ಸರಿಯತೊಡಗಿತು. ಮಾವ ಬೇಗನೆ ಲಂಗರನ್ನು ಮತ್ತೆ ಕೆಳಗೆ ಬಿಟ್ಟರು. ಅದು ತಳಕ್ಕೆ ಕಚ್ಚಿಕೊಂಡಿತು. ಒಂದು ಗಂಟೆ ಟವೆಲ್ ಬೀಸಿದ ಮೇಲೆ ಮೀನು ಹಿಡಿದು ಮರಳುತ್ತಿದ್ದ ದೋಣಿಯೊಂದು ನಮ್ಮನ್ನು ನೋಡಿ, ಹಗ್ಗ ಕಟ್ಟಿ ಎಳೆದು ತಂದಿತು. ಲಂಗರು ಕಚ್ಚದೆ ಹೋಗಿದ್ದರೆ ಕತ್ತಲಾಗುವ ಹೊತ್ತಿಗೆ ನಾವು ತೆರೆದ ಸಮುದ್ರದಲ್ಲಿರುತ್ತಿದ್ದೆವು.

ಆ ರಾತ್ರಿ ಮಾವ ಹೆಚ್ಚು ಮಾತನಾಡಲಿಲ್ಲ. ಮಳೆಗಾಲ ಬಂದಾಗ ದೋಣಿಯನ್ನು ದಡಕ್ಕೆ ಎಳೆದು, ಮಡಲಿನ ಚಪ್ಪರದ ಕೆಳಗೆ ಇಟ್ಟು, ಪ್ರತಿಯೊಂದು ವಸ್ತುವನ್ನೂ ಬಿಚ್ಚಿದರು. ಏಳನೇ ತರಗತಿಯಲ್ಲಿ ಓದುವ ಅವರ ಮೊಮ್ಮಗಳು ಜೊತೆಗೂಡಿದಳು. ಲೆಕ್ಕ ಬರೆಯುವ ಕೆಲಸ ಅವಳದಾಯಿತು.

ಹಾಡು ಎಷ್ಟು ವಿದ್ಯುತ್ ಕುಡಿಯುತ್ತದೆ?

ಯಾವುದೇ ವಿದ್ಯುತ್ ಉಪಕರಣ ಎಷ್ಟು ಪ್ರವಾಹವನ್ನು ಎಳೆಯುತ್ತದೆ ಎಂದು ತಿಳಿಯಲು ಒಂದು ಸುಲಭ ಲೆಕ್ಕವಿದೆ. ಅದರ ಸಾಮರ್ಥ್ಯವನ್ನು, ಅಂದರೆ ವಾಟ್‌ಗಳನ್ನು, ವೋಲ್ಟ್‌ಗಳಿಂದ ಭಾಗಿಸಬೇಕು. ಬರುವ ಉತ್ತರ ಆಂಪೇರ್‌ಗಳಲ್ಲಿರುತ್ತದೆ. ಮಾವನ ಸ್ಟೀರಿಯೊ ಜೋರಾಗಿ ಹಾಡುವಾಗ ಸುಮಾರು 60 ವಾಟ್ ಬಳಸುತ್ತಿತ್ತು. 60ನ್ನು 12ರಿಂದ ಭಾಗಿಸಿದರೆ 5 ಆಂಪೇರ್.

ಬ್ಯಾಟರಿಯ ಮೇಲೆ "60 ಆಂಪೇರ್-ಗಂಟೆ" ಎಂದು ಬರೆದಿತ್ತು. ಹೊಸ ಬ್ಯಾಟರಿ ಒಂದು ಆಂಪೇರಿನಂತೆ 60 ಗಂಟೆ, ಅಥವಾ 5 ಆಂಪೇರಿನಂತೆ 12 ಗಂಟೆ ಕೊಡಬಲ್ಲದು ಎಂದು ಇದರ ಅರ್ಥ. ಆದರೆ ಇದು ಹಳೆಯ ಬ್ಯಾಟರಿ. ಅದರಲ್ಲಿ ಅರ್ಧದಷ್ಟು ಮಾತ್ರ ಉಳಿದಿತ್ತು ಎಂದುಕೊಳ್ಳೋಣ. ಅಂದರೆ 30 ಆಂಪೇರ್-ಗಂಟೆ. ಈಗ 5 ಆಂಪೇರನ್ನು 6 ಗಂಟೆಗಳಿಂದ ಗುಣಿಸಿ. ಉತ್ತರ 30! ಬ್ಯಾಟರಿಯಲ್ಲಿ ಇದ್ದುದನ್ನೆಲ್ಲ ಹಾಡೇ ಕುಡಿದಿತ್ತು.

ಹಾಗಿದ್ದರೂ "ಟಕ್" ಎಂಬ ಸದ್ದು ಬಂದದ್ದು ಹೇಗೆ? ಎಂಜಿನ್ ಚಾಲೂ ಮಾಡುವ ಮೋಟಾರು ಕೆಲವೇ ಸೆಕೆಂಡು ತಿರುಗುತ್ತದೆ. ಆದರೆ ಆಗ ಅದು ನೂರು ಆಂಪೇರಿಗೂ ಹೆಚ್ಚು ಪ್ರವಾಹ ಎಳೆಯುತ್ತದೆ. ಬಾವಿಯಲ್ಲಿ ತಳ ಕಾಣುವಷ್ಟು ನೀರಿದ್ದಾಗ ತಂಬಿಗೆಯಿಂದ ಮೊಗೆಯಬಹುದು, ಆದರೆ ದೊಡ್ಡ ಕೊಡ ಮುಳುಗುವುದಿಲ್ಲ, ಅಲ್ಲವೇ? ಬರಿದಾಗುತ್ತಾ ಬಂದ ಬ್ಯಾಟರಿಯೂ ಹಾಗೆಯೇ. ಸ್ವಿಚ್ಚನ್ನು "ಟಕ್" ಎನ್ನಿಸಲು ಬೇಕಾದ ಸಣ್ಣ ಪ್ರವಾಹ ಕೊಡಬಲ್ಲದು. ಮೋಟಾರು ತಿರುಗಿಸುವ ದೊಡ್ಡ ಪ್ರವಾಹ ಅದರಿಂದ ಬರುವುದಿಲ್ಲ.

ಕಾರು ನಿಂತುಹೋದರೆ ನಾಲ್ಕು ಜನ ಇಳಿದು ತಳ್ಳಬಹುದು. ದೋಣಿಯಿಂದ ಇಳಿದು ತಳ್ಳಲಾದೀತೇ?

ಪರಿಹಾರ ಸರಳವಾಗಿತ್ತು. ಮಾವ ಎರಡು ಬ್ಯಾಟರಿ ಇಟ್ಟರು. ಒಂದು ಎಂಜಿನ್ನಿಗೆ ಮಾತ್ರ. ಇನ್ನೊಂದು ಹಾಡಿಗೆ ಮತ್ತು ದೀಪಕ್ಕೆ. ಹಾಡಿನ ಬ್ಯಾಟರಿ ಪೂರ್ತಿ ಬರಿದಾದರೂ ಎಂಜಿನ್ನಿನ ಬ್ಯಾಟರಿಯನ್ನು ಅದು ಮುಟ್ಟಲಾರದು. ಕೆಟ್ಟಿದ್ದ ಹಗ್ಗದ ಭಾಗವನ್ನೂ ರಿಪೇರಿ ಮಾಡಿಸಿದರು. ದೀಪಗಳನ್ನೂ ಬದಲಾಯಿಸಿದರು. ಮೊದಲಿದ್ದ ಮೂರು ಬಲ್ಬುಗಳು ತಲಾ 10 ವಾಟಿನವು, ಒಟ್ಟು ಎರಡೂವರೆ ಆಂಪೇರ್. ಈಗಿನ ಮೂರು ಎಲ್.ಇ.ಡಿ. ದೀಪಗಳು ತಲಾ 2 ವಾಟಿನವು, ಒಟ್ಟು ಅರ್ಧ ಆಂಪೇರ್. ಬೆಳಕು ಕಡಿಮೆಯಾಗಲಿಲ್ಲ, ಖರ್ಚು ಐದನೇ ಒಂದು ಭಾಗಕ್ಕೆ ಇಳಿಯಿತು.

ಶಾಕ್ ಹೊಡೆಯದ ವಿದ್ಯುತ್ತೂ ಸುಡುತ್ತದೆ

12 ವೋಲ್ಟ್ ಬ್ಯಾಟರಿಯನ್ನು ಒಣಗಿದ ಕೈಯಿಂದ ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲ. ಆದ್ದರಿಂದ ಅದು ನಿರಪಾಯಕಾರಿ ಎಂದು ಹಲವರು ತಿಳಿಯುತ್ತಾರೆ. ಇದು ತಪ್ಪು. ಅಲೆಗಳ ಹೊಡೆತಕ್ಕೆ ದೋಣಿ ಸದಾ ಅದುರುತ್ತಿರುತ್ತದೆ. ಎಲ್ಲೋ ಒಂದು ತಂತಿ ಅಂಚಿಗೆ ಉಜ್ಜಿ ಉಜ್ಜಿ ಅದರ ರಬ್ಬರು ಸವೆಯುತ್ತದೆ. ಒಳಗಿನ ಎರಡು ತಂತಿಗಳು ತಗುಲಿದರೆ ನೂರಾರು ಆಂಪೇರ್ ಪ್ರವಾಹ ಒಮ್ಮೆಲೇ ಹರಿದು ತಂತಿ ಕೆಂಪಗೆ ಕಾಯುತ್ತದೆ. ಪೆಟ್ರೋಲು ತುಂಬಿದ ದೋಣಿಯಲ್ಲಿ ಹೀಗಾದರೆ ಏನಾಗಬಹುದೆಂದು ಹೇಳಬೇಕಾಗಿಲ್ಲ.

ಇದನ್ನು ತಡೆಯುವ ಕಾವಲುಗಾರನೇ ಫ್ಯೂಸ್. ಅದರೊಳಗಿನ ತೆಳುವಾದ ತಂತಿ ನಿಗದಿತ ಪ್ರವಾಹಕ್ಕಿಂತ ಹೆಚ್ಚಾದ ಕೂಡಲೇ ಕರಗಿ ದಾರಿಯನ್ನು ಕಡಿದುಹಾಕುತ್ತದೆ. ಮಾವನ ಸ್ಟೀರಿಯೊಗೆ 10 ಆಂಪೇರಿನ ಫ್ಯೂಸ್ ಸಾಕಾಯಿತು. ಅದನ್ನು ಎಲ್ಲಿ ಹಾಕಬೇಕು? ಸ್ಟೀರಿಯೊದ ಪಕ್ಕದಲ್ಲಲ್ಲ, ಬ್ಯಾಟರಿಯ ಪಕ್ಕದಲ್ಲಿ. ಏಕೆಂದರೆ ಫ್ಯೂಸ್ ತನ್ನ ಮುಂದಿರುವ ತಂತಿಯನ್ನು ಮಾತ್ರ ಕಾಯಬಲ್ಲದು. ಬ್ಯಾಟರಿಗೂ ಫ್ಯೂಸಿಗೂ ನಡುವೆ ತಂತಿ ಸುಟ್ಟರೆ ಅದು ಏನೂ ಮಾಡಲಾರದು. ಊರ ಬಾಗಿಲಲ್ಲಿ ನಿಲ್ಲಬೇಕಾದ ಕಾವಲುಗಾರ ಊರಾಚೆಯ ಗದ್ದೆಯಲ್ಲಿ ನಿಂತರೆ ಪ್ರಯೋಜನವೇನು?

"ಅಜ್ಜಾ, ನಿನ್ನ ಕಂಪಾಸು ಸುಳ್ಳು ಹೇಳ್ತದೆ"

ಬಿಚ್ಚುವ ಕೆಲಸದ ಎರಡನೇ ದಿನ ಮೊಮ್ಮಗಳು ತನ್ನ ಬಳಿಯಿದ್ದ ಪುಟ್ಟ ದಿಕ್ಸೂಚಿಯನ್ನು ಹಿಡಿದು ದೋಣಿಯೊಳಗೆ ಓಡಾಡುತ್ತಿದ್ದಳು. ದೋಣಿಯ ಮುಂದಿನ ಹಲಗೆಯ ಮೇಲೆ ಮಾವನ ದೊಡ್ಡ ದಿಕ್ಸೂಚಿ ಇತ್ತು. ಅವಳು ದೋಣಿಯ ಹೊರಗೆ, ದೂರದಲ್ಲಿ ನಿಂತಾಗ ಅವಳ ಸೂಜಿ ತೋರಿಸಿದ ಉತ್ತರವೇ ಬೇರೆ, ದೋಣಿಯ ದಿಕ್ಸೂಚಿ ತೋರಿಸಿದ ಉತ್ತರವೇ ಬೇರೆ.

"ಅಜ್ಜಾ, ನಿನ್ನ ಕಂಪಾಸು ಸುಳ್ಳು ಹೇಳ್ತದೆ" ಎಂದಳು.

"ಹುಚ್ಚಿ, ಅದು ಹದಿನೈದು ವರ್ಷದಿಂದ ಸುಳ್ಳು ಹೇಳಿದ್ದಿಲ್ಲ" ಎಂದರು ಮಾವ. ಕೋನಮಾಪಕ ತಂದು ಅಳೆದು ನೋಡಿದರೆ ವ್ಯತ್ಯಾಸ ಸುಮಾರು 20 ಡಿಗ್ರಿ ಇತ್ತು!

ಹಲಗೆಯ ಕೆಳಗೆ, ಒಂದು ಗೇಣಿಗಿಂತ ಹತ್ತಿರದಲ್ಲಿ, ಹೊಸ ಸ್ಪೀಕರ್ ಕುಳಿತಿತ್ತು. ಪ್ರತಿ ಸ್ಪೀಕರಿನ ಹಿಂಭಾಗದಲ್ಲೂ ಒಂದು ಬಲವಾದ ಆಯಸ್ಕಾಂತ ಇರುತ್ತದೆ. ಅದರ ನಡುವೆ ತಂತಿಯ ಒಂದು ಸುರುಳಿ. ಸುರುಳಿಗೆ ತೆಳುವಾದ ಒಂದು ಶಂಕು ಅಂಟಿಕೊಂಡಿರುತ್ತದೆ. ಸುರುಳಿಯಲ್ಲಿ ಹಾಡಿಗೆ ತಕ್ಕಂತೆ ಏರಿಳಿಯುವ ವಿದ್ಯುತ್ ಹರಿದಾಗ ಆಯಸ್ಕಾಂತ ಅದನ್ನು ಮುಂದಕ್ಕೂ ಹಿಂದಕ್ಕೂ ತಳ್ಳುತ್ತದೆ. ಶಂಕು ಅದುರಿ ಗಾಳಿಯನ್ನು ಅದುರಿಸುತ್ತದೆ. ಅದೇ ನಮಗೆ ಕೇಳುವ ಹಾಡು. ಆದರೆ ಹಾಡು ನಿಂತರೂ ಆಯಸ್ಕಾಂತ ನಿಲ್ಲುವುದಿಲ್ಲ. ಅದು ದಿಕ್ಸೂಚಿಯ ಸೂಜಿಯನ್ನು ಹಗಲೂ ರಾತ್ರಿ ತನ್ನ ಕಡೆಗೆ ಎಳೆಯುತ್ತಲೇ ಇರುತ್ತದೆ.

20 ಡಿಗ್ರಿ ಎಂದರೆ ಎಷ್ಟು ಮಹಾ ಎನ್ನುವಿರಾ? ಕಾಗದದ ಮೇಲೆ 10 ಸೆಂಟಿಮೀಟರ್ ಉದ್ದದ ಗೆರೆ ಎಳೆಯಿರಿ. ಅದೇ ಬಿಂದುವಿನಿಂದ 20 ಡಿಗ್ರಿ ಕೋನದಲ್ಲಿ ಅಷ್ಟೇ ಉದ್ದದ ಇನ್ನೊಂದು ಗೆರೆ ಎಳೆಯಿರಿ. ಎರಡರ ತುದಿಗಳ ನಡುವಿನ ಅಂತರ ಅಳೆಯಿರಿ. ಸುಮಾರು ಮೂರೂವರೆ ಸೆಂಟಿಮೀಟರ್ ಬರುತ್ತದೆ. ಸೆಂಟಿಮೀಟರ್ ಇರುವಲ್ಲಿ ಕಿಲೋಮೀಟರ್ ಎಂದು ಓದಿ. ಮಂಜು ಮುಸುಕಿದ ಬೆಳಗಿನಲ್ಲಿ 10 ಕಿ.ಮೀ. ದೂರದಿಂದ ಅಳಿವೆಗೆ ಮರಳುವ ದೋಣಿ ಮೂರೂವರೆ ಕಿ.ಮೀ. ಆಚೆಗೆ, ಬಂಡೆಗಳ ಕಡೆಗೆ ಹೋಗಬಹುದು.

ಸ್ಪೀಕರ್ ಅಷ್ಟೇ ಅಲ್ಲ, ವಿದ್ಯುತ್ ಹರಿಯುವ ತಂತಿಯೂ ಸೂಜಿಯನ್ನು ತಿರುಗಿಸುತ್ತದೆ. ಇದನ್ನು 1820ರಲ್ಲಿ ಡೆನ್ಮಾರ್ಕಿನ ವಿಜ್ಞಾನಿ ಹ್ಯಾನ್ಸ್ ಕ್ರಿಶ್ಚಿಯನ್ ಅಯರ್‌ಸ್ಟೆಡ್ ತೋರಿಸಿಕೊಟ್ಟರು. ತಂತಿಯಲ್ಲಿ ವಿದ್ಯುತ್ ಹರಿಸಿದಾಗ ಹತ್ತಿರದಲ್ಲಿದ್ದ ದಿಕ್ಸೂಚಿಯ ಸೂಜಿ ಅಲುಗಿತು. ವಿದ್ಯುತ್ತಿಗೂ ಕಾಂತತ್ವಕ್ಕೂ ನಂಟಿದೆ ಎಂದು ಜಗತ್ತಿಗೆ ತಿಳಿದದ್ದು ಹೀಗೆ. ಆ ನಂಟಿನಿಂದಲೇ ಮುಂದೆ ಮೋಟಾರು, ಸ್ಪೀಕರ್ ಎಲ್ಲವೂ ಹುಟ್ಟಿದವು.

ಹಾಗಾದರೆ ಮಾಡುವುದೇನು? ಎರಡು ಉಪಾಯಗಳಿವೆ. ಮೊದಲನೆಯದು ದೂರ. ಆಯಸ್ಕಾಂತದಿಂದ ದೂರ ಎರಡು ಪಟ್ಟಾದರೆ ಅದರ ಪ್ರಭಾವ ಅರ್ಧವಾಗುವುದಿಲ್ಲ, ಸುಮಾರು ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಮಾವ ಸ್ಪೀಕರ್‌ಗಳನ್ನು ದೋಣಿಯ ಹಿಂಭಾಗಕ್ಕೆ, ದಿಕ್ಸೂಚಿಯಿಂದ ಎರಡು ಮೀಟರಿಗೂ ದೂರಕ್ಕೆ ಸಾಗಿಸಿದರು. ಎರಡನೆಯದು ಜಡೆ. ಹೋಗುವ ತಂತಿ, ಬರುವ ತಂತಿ ಎರಡನ್ನೂ ಒಂದಕ್ಕೊಂದು ಹೆಣೆದರೆ ಅವುಗಳಲ್ಲಿ ಪ್ರವಾಹ ಎದುರು ದಿಕ್ಕಿಗೆ ಹರಿಯುವುದರಿಂದ ಒಂದರ ಕಾಂತಕ್ಷೇತ್ರ ಇನ್ನೊಂದನ್ನು ಅಳಿಸಿಹಾಕುತ್ತದೆ. ಮೊಮ್ಮಗಳು ತನ್ನ ಜಡೆಯಷ್ಟೇ ಅಚ್ಚುಕಟ್ಟಾಗಿ ತಂತಿಗಳನ್ನು ಹೆಣೆದಳು.

ಈಗ ಮೊಬೈಲಿನಲ್ಲೇ ಜಿ.ಪಿ.ಎಸ್. ಇದೆಯಲ್ಲ, ದಿಕ್ಸೂಚಿ ಏಕೆ ಎಂದು ನೀವು ಕೇಳಬಹುದು. ಮೊಬೈಲಿಗೆ ಚಾರ್ಜು ಬೇಕು, ಅದು ನೀರಿಗೆ ಬಿದ್ದರೆ ಮುಗಿಯಿತು. ದಿಕ್ಸೂಚಿಗೆ ಭೂಮಿಯ ಕಾಂತತ್ವವೊಂದೇ ಸಾಕು. ಅಂದಹಾಗೆ, ಮೊಬೈಲಿನ ಸ್ಪೀಕರಿನಲ್ಲೂ ಆಯಸ್ಕಾಂತವಿದೆ. ಅದನ್ನೂ ದಿಕ್ಸೂಚಿಯ ಪಕ್ಕದಲ್ಲಿ ಇಡಬಾರದು.

ಉಪ್ಪು ಎಂಬ ಕಳ್ಳ

ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳು ಕರಗಿರುತ್ತವೆ. ಅಳಿವೆಯಲ್ಲಿ ನದಿಯ ಸಿಹಿನೀರು ಬೆರೆಯುವುದರಿಂದ ಇದು ಸ್ವಲ್ಪ ಕಡಿಮೆ. ಆದರೂ ನೀರಿನ ತುಂತುರು ಒಣಗಿದ ಮೇಲೆ ಎಲ್ಲೆಲ್ಲೂ ಉಪ್ಪು ಉಳಿಯುತ್ತದೆ. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಭರಣಿ ತೇವವಾಗುವುದನ್ನು ನೋಡಿದ್ದೀರಲ್ಲವೇ? ಸಮುದ್ರದ ಉಪ್ಪು ಗಾಳಿಯಲ್ಲಿರುವ ನೀರಾವಿಯನ್ನು ಎಳೆದುಕೊಳ್ಳುತ್ತದೆ. ಆದ್ದರಿಂದ ಉಪ್ಪು ಕುಳಿತ ಜಾಗ ಪೂರ್ತಿ ಒಣಗುವುದೇ ಇಲ್ಲ. ಆ ತೇವದಲ್ಲಿ ಲೋಹ ಸವೆಯುತ್ತದೆ.

ಆರೇ ತಿಂಗಳಲ್ಲಿ ಮಾವನ ತಂತಿಗಳ ತುದಿ ಹಸಿರಾಗಿತ್ತು. ಅದು ತಾಮ್ರದ ಕಿಲುಬು. ಕಿಲುಬು ವಿದ್ಯುತ್ತನ್ನು ಸರಿಯಾಗಿ ಹರಿಯಗೊಡುವುದಿಲ್ಲ. ಜೋಡಣೆಯ ಜಾಗ ಬಿಸಿಯಾಗುತ್ತದೆ. ಈ ಬಾರಿ ಮಾವ ತವರದ ಲೇಪವಿರುವ ತಾಮ್ರದ ತಂತಿ ತಂದರು. ಇದು ಹೊಸ ವಿದ್ಯೆಯೇನಲ್ಲ. ನಿಮ್ಮ ಅಜ್ಜಿ ಹಿತ್ತಾಳೆ ಪಾತ್ರೆಗೆ ಹಾಕಿಸುತ್ತಿದ್ದ ಕಲಾಯಿ ಇದೆಯಲ್ಲ, ಅದೂ ತವರವೇ! ಪಾತ್ರೆಯಲ್ಲಿ ಹುಳಿಯಿಂದ ಹಿತ್ತಾಳೆಯನ್ನು ಕಾಯುವ ತವರ, ತಂತಿಯಲ್ಲಿ ಉಪ್ಪಿನಿಂದ ತಾಮ್ರವನ್ನು ಕಾಯುತ್ತದೆ.

ಎರಡು ಬೇರೆ ಬೇರೆ ಲೋಹಗಳು ಉಪ್ಪು ನೀರಿನಲ್ಲಿ ಒಂದಕ್ಕೊಂದು ತಾಗಿದ್ದರೆ ಇನ್ನೊಂದು ತೊಂದರೆ. ಆಗ ಅಲ್ಲೊಂದು ಸಣ್ಣ ವಿದ್ಯುತ್ ಕೋಶವೇ ನಿರ್ಮಾಣವಾಗುತ್ತದೆ. ಇಟಲಿಯ ವೋಲ್ಟಾ 1800ರಲ್ಲಿ ಸತು ಮತ್ತು ತಾಮ್ರ ಅಥವಾ ಬೆಳ್ಳಿಯ ಬಿಲ್ಲೆಗಳ ನಡುವೆ ಉಪ್ಪು ನೀರಿನಲ್ಲಿ ನೆನೆದ ಚೂರುಗಳನ್ನು ಇಟ್ಟು ಮಾಡಿದ್ದು ಇದನ್ನೇ. ಇಂಥ ಕೋಶದಲ್ಲಿ ಒಂದು ಲೋಹ ಕರಗುತ್ತಾ ಹೋಗುತ್ತದೆ. ದೋಣಿಯವರು ಇದನ್ನೇ ಉಪಾಯವಾಗಿ ಬಳಸುತ್ತಾರೆ. ಎಂಜಿನ್ನಿನ ನೀರಿನೊಳಗಿನ ಭಾಗಕ್ಕೆ ಸತುವಿನ ತುಂಡೊಂದನ್ನು ಬಿಗಿಯುತ್ತಾರೆ. ಬೇಗ ಕರಗುವ ಗುಣವುಳ್ಳ ಸತು ತಾನು ಕರಗಿ ಎಂಜಿನ್ನಿನ ಲೋಹವನ್ನು ಉಳಿಸುತ್ತದೆ. ಸವೆದಾಗ ಹೊಸ ತುಂಡು ಹಾಕಿದರಾಯಿತು.

ಕಾರಿನ ಸ್ಪೀಕರಿನ ಶಂಕು ಕಾಗದದ್ದಾಗಿತ್ತು. ಅದು ತೇವಕ್ಕೆ ಮೆತ್ತಗಾಗಿ ಹಾಡು ಗೊರಗೊರ ಎನ್ನುತ್ತಿತ್ತು. ಈಗ ಪ್ಲಾಸ್ಟಿಕ್ ಶಂಕು, ರಬ್ಬರ್ ಅಂಚು ಇರುವ, ದೋಣಿಗೆಂದೇ ಮಾಡಿದ ಸ್ಪೀಕರ್ ಬಂದಿವೆ.

ಮೆತ್ತನೆಯ ಸೀಟಿನ ಭಾರ

ಈಗ ಸೀಟಿಗೆ ಬರೋಣ. ಸ್ಪಂಜಿನ ಒಂದು ಸೀಟು 100 ಸೆಂ.ಮೀ. ಉದ್ದ, 40 ಸೆಂ.ಮೀ. ಅಗಲ, 10 ಸೆಂ.ಮೀ. ದಪ್ಪ ಇತ್ತು. ಗುಣಿಸಿದರೆ 40,000 ಘನ ಸೆಂಟಿಮೀಟರ್, ಅಂದರೆ 40 ಲೀಟರ್ ಜಾಗ. ಒಣಗಿದಾಗ ಅದರ ತೂಕ ಒಂದು ಕೆ.ಜಿ. ಮಾತ್ರ. ಉಳಿದದ್ದೆಲ್ಲ ಗಾಳಿ. ಈ ಗಾಳಿಯ ಜಾಗದಲ್ಲಿ ಅರ್ಧದಷ್ಟು ನೀರು ತುಂಬಿದರೂ 20 ಲೀಟರ್, ಅಂದರೆ 20 ಕೆ.ಜಿ. ಎರಡು ಸೀಟು ಸೇರಿ 40 ಕೆ.ಜಿ. ಏಳನೇ ತರಗತಿಯ ಒಬ್ಬ ವಿದ್ಯಾರ್ಥಿ ದಿನವಿಡೀ ಟಿಕೆಟ್ಟಿಲ್ಲದೆ ಪ್ರಯಾಣ ಮಾಡಿದಂತೆ! ದೋಣಿ ಅಷ್ಟು ಆಳಕ್ಕೆ ಇಳಿಯುತ್ತದೆ, ಅಷ್ಟು ಹೆಚ್ಚು ಪೆಟ್ರೋಲು ಕುಡಿಯುತ್ತದೆ. ಜೊತೆಗೆ ಒಣಗದ ಸ್ಪಂಜಿನಲ್ಲೂ ರತ್ನಗಂಬಳಿಯಲ್ಲೂ ಬೂಷ್ಟು ಬೆಳೆಯುತ್ತದೆ.

ಎಲ್ಲ ಸ್ಪಂಜೂ ನೀರು ಕುಡಿಯುವುದಿಲ್ಲ. ಕೆಲವು ಸ್ಪಂಜುಗಳಲ್ಲಿ ಗಾಳಿಯ ಗುಳ್ಳೆಗಳು ಒಂದಕ್ಕೊಂದು ತೆರೆದುಕೊಂಡಿರುತ್ತವೆ. ಬಾಗಿಲಿಲ್ಲದ ಕೋಣೆಗಳಂತೆ ನೀರು ಒಂದರಿಂದ ಇನ್ನೊಂದಕ್ಕೆ ಹರಿಯುತ್ತದೆ. ಇನ್ನು ಕೆಲವದರಲ್ಲಿ ಪ್ರತಿ ಗುಳ್ಳೆಯೂ ಮುಚ್ಚಿದ ಕೋಣೆ. ನೀರು ಒಳಗೆ ನುಗ್ಗಲಾರದು. ಜೀವರಕ್ಷಕ ಜಾಕೆಟ್ಟುಗಳ ಒಳಗಿರುವುದು ಇಂಥ ಮುಚ್ಚಿದ ಗುಳ್ಳೆಗಳ ಸ್ಪಂಜೇ. ಮಾವ ಈಗ ಸೀಟಿಗೂ ಅದನ್ನೇ ಹಾಕಿ, ಮೇಲೆ ರೆಕ್ಸಿನ್ ಹೊದಿಸಿದ್ದಾರೆ. ಇದರಿಂದ ಇನ್ನೊಂದು ಲಾಭ. ಆರ್ಕಿಮಿಡೀಸನ ತತ್ವದಂತೆ, ಗಟ್ಟಿಯಾಗಿ ಬಿಗಿದ ಇಂಥ 40 ಲೀಟರ್ ಸ್ಪಂಜು ಪೂರ್ತಿ ಮುಳುಗಿದರೆ ಸುಮಾರು 40 ಕೆ.ಜಿ. ನೀರನ್ನು ಸರಿಸಿ, ಅಷ್ಟೇ ಬಲದಿಂದ ಮೇಲಕ್ಕೆ ಒತ್ತಲ್ಪಡುತ್ತದೆ. ದೋಣಿಗೆ ನೀರು ತುಂಬಿದರೆ ಈ ಸೀಟುಗಳೇ ಅದನ್ನು ತೇಲಿಸಲು ನೆರವಾಗುತ್ತವೆ. ಥರ್ಮೊಕೋಲನ್ನೂ ಬಳಸಬಹುದಲ್ಲ ಎನಿಸಬಹುದು. ಆದರೆ ಅದರ ಮೇಲೆ ಪೆಟ್ರೋಲು ಚೆಲ್ಲಿದರೆ ಕರಗಿ ಅಂಟಿನಂತಾಗುತ್ತದೆ.

ಸೀಟಿನ ಕೆಳಗಿನ ಹಲಗೆ ಪ್ಲೈವುಡ್‌ನದು. ಪ್ಲೈವುಡ್ ಎಂದರೆ ಮರದ ತೆಳು ಪದರಗಳನ್ನು ಅಂಟಿಸಿ ಮಾಡಿದ ಹಲಗೆ. ಒಂದು ಪದರದ ನಾರು ಉದ್ದಕ್ಕಿದ್ದರೆ ಮುಂದಿನದು ಅಡ್ಡಕ್ಕಿರುತ್ತದೆ. ಆದ್ದರಿಂದ ಯಾವ ದಿಕ್ಕಿಗೂ ಸುಲಭವಾಗಿ ಸೀಳುವುದಿಲ್ಲ. ಆದರೆ ಸಾಧಾರಣ ಅಂಟು ನೀರಿಗೆ ಬಿಟ್ಟುಕೊಂಡು ಪದರಗಳು ಪುಸ್ತಕದ ಹಾಳೆಗಳಂತೆ ಬಿಚ್ಚಿಕೊಳ್ಳುತ್ತವೆ. ದೋಣಿಗೆ ಬೇಕಾದದ್ದು ಕುದಿಯುವ ನೀರನ್ನೂ ತಾಳುವ ಅಂಟಿನಿಂದ ಮಾಡಿದ ಮೆರೈನ್ ಪ್ಲೈವುಡ್. ನಮ್ಮ ದೇಶದಲ್ಲಿ ಇದಕ್ಕೆ ಐ.ಎಸ್. 710 ಎಂಬ ಗುಣಮಟ್ಟವಿದೆ. ಆ ಅಂಕಿಯನ್ನು ಹಲಗೆಯ ಮೇಲೆ ಮುದ್ರಿಸಿರುತ್ತಾರೆ. ಕತ್ತರಿಸಿದ ಅಂಚಿಗೆ ಬಣ್ಣ ಬಳಿಯುವುದನ್ನು ಮಾತ್ರ ಮರೆಯಬಾರದು, ನೀರು ಒಳಗೆ ಇಳಿಯುವುದು ಅಲ್ಲಿಂದಲೇ.

ಮೇಲೆ ಏರುವ ಅನಿಲ, ಕೆಳಗೆ ಇಳಿಯುವ ಆವಿ

ಹೊಸ ಪೆಟ್ಟಿಗೆ ಮಾಡುವಾಗ ಬಡಗಿಗೆ ಮಾವ ಹೇಳಿದರು: "ಬ್ಯಾಟರಿ ಪೆಟ್ಟಿಗೆಗೆ ಮೇಲೆ ತೂತು ಮಾಡು. ಪೆಟ್ರೋಲ್ ಡಬ್ಬಿ ಇಡುವ ಪೆಟ್ಟಿಗೆಗೆ ಕೆಳಗೆ ಮಾಡು." ಏಕೆ ಹೀಗೆ?

ಚಾರ್ಜು ಆಗುವಾಗ ಬ್ಯಾಟರಿಯಿಂದ ಹೈಡ್ರೋಜನ್ ಅನಿಲ ಹೊರಬರಬಹುದು. ಹೈಡ್ರೋಜನ್ ಗಾಳಿಗಿಂತ ಬಹಳ ಹಗುರ, ಮೇಲಕ್ಕೆ ಏರುತ್ತದೆ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ಕೆಳಗೆ ಇಳಿದು ನೀರಿನಂತೆ ತಳದಲ್ಲಿ ನಿಲ್ಲುತ್ತದೆ. ಎರಡಕ್ಕೂ ಒಂದು ಕಿಡಿ ಸಾಕು. ಆದ್ದರಿಂದ ಎರಡೂ ಹೊರಗೆ ಹೋಗಲು ದಾರಿ ಬೇಕು. ಕಿಡಿ ಹಾರಬಹುದಾದ ಸ್ಟೀರಿಯೊದ ತಂತಿ ಜೋಡಣೆಗಳು ಇವೆರಡರ ಹತ್ತಿರವೂ ಇರಬಾರದು.

ಎರಡು ಕಿವಿ, ಎರಡು ಸ್ಪೀಕರ್

ಸ್ಟೀರಿಯೊಗೆ ಎರಡು ಸ್ಪೀಕರ್ ಏಕೆ ಬೇಕು? ನಮಗೆ ಎರಡು ಕಿವಿಗಳಿವೆ. ಅವುಗಳ ನಡುವಿನ ಅಂತರ ಸುಮಾರು 20 ಸೆಂ.ಮೀ. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ಬಲಗಡೆ ನಾಯಿ ಬೊಗಳಿದರೆ ಬಲಗಿವಿಗೆ ಕೇಳಿದ ಸುಮಾರು 0.0006 ಸೆಕೆಂಡಿನ ಬಳಿಕ ಎಡಗಿವಿಗೆ ಕೇಳುತ್ತದೆ. ಇಷ್ಟು ಸಣ್ಣ ವ್ಯತ್ಯಾಸದಿಂದಲೂ ಮಿದುಳು ದಿಕ್ಕನ್ನು ಗುರುತಿಸುತ್ತದೆ. ಎರಡು ಸ್ಪೀಕರ್‌ಗಳಿಂದ ಸ್ವಲ್ಪ ಬೇರೆ ಬೇರೆ ಶಬ್ದ ಕೊಟ್ಟರೆ ವೀಣೆ ಎಡಕ್ಕೂ ಮೃದಂಗ ಬಲಕ್ಕೂ ಇದ್ದಂತೆ ಭಾಸವಾಗುತ್ತದೆ. ಈ ವಿಧಾನಕ್ಕೆ ಬ್ರಿಟನ್ನಿನ ಎಂಜಿನಿಯರ್ ಅಲನ್ ಬ್ಲಮ್ಲಿನ್ 1931ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ್ದರು.

ಆದರೆ ದೋಣಿಗೆ ಗೋಡೆಗಳಿಲ್ಲ. ಶಬ್ದ ಪ್ರತಿಫಲಿಸದೆ ಹರಡಿಹೋಗುತ್ತದೆ. ಮೇಲೆ ಎಂಜಿನ್ನಿನ ಗದ್ದಲ. ಹಾಗಾಗಿ ಎಲ್ಲರೂ ಶಬ್ದ ಏರಿಸುತ್ತಾರೆ. ಇಲ್ಲೇ ಅಪಾಯ. ಹಡಗು ದೋಣಿಗಳು ಡಿಕ್ಕಿಯಾಗದಂತೆ 1972ರಲ್ಲಿ ರೂಪಿಸಿದ ಅಂತರರಾಷ್ಟ್ರೀಯ ನಿಯಮಗಳಲ್ಲಿ ಐದನೆಯದು ಹೇಳುವುದಿಷ್ಟು: ದೋಣಿ ನಡೆಸುವವರು ಸದಾ ಕಣ್ಣಿನಿಂದಲೂ ಕಿವಿಯಿಂದಲೂ ಸುತ್ತ ಗಮನಿಸುತ್ತಿರಬೇಕು. ಹಾಡಿನಲ್ಲಿ ಮುಳುಗಿದ ಕಿವಿಗೆ ಇನ್ನೊಂದು ದೋಣಿಯ ಹಾರ್ನ್ ಆಗಲಿ, ನೀರಿಗೆ ಬಿದ್ದವರ ಕೂಗಾಗಲಿ ಕೇಳೀತೇ?

ಮಾವ ಶಬ್ದ ಹೆಚ್ಚಿಸುವ ಬದಲು ಸ್ಪೀಕರ್‌ಗಳಿಗೆ ಮುಚ್ಚಿದ ಪೆಟ್ಟಿಗೆ ಮಾಡಿಸಿದರು. ಸ್ಪೀಕರಿನ ಶಂಕು ಮುಂದಕ್ಕೆ ಗಾಳಿಯನ್ನು ಒತ್ತುವಾಗ ಹಿಂದೆ ಗಾಳಿ ವಿರಳವಾಗುತ್ತದೆ. ಪೆಟ್ಟಿಗೆಯಿಲ್ಲದಿದ್ದರೆ ಮುಂದಿನ ಅಲೆ ಮತ್ತು ಹಿಂದಿನ ಅಲೆ ಸೇರಿ ಒಂದನ್ನೊಂದು ಅಳಿಸುತ್ತವೆ. ಮೃದಂಗದಂಥ ತಗ್ಗು ಸ್ವರಗಳು ಮಾಯವಾಗುತ್ತವೆ. ಪೆಟ್ಟಿಗೆ ಹಾಕಿದ ಮೇಲೆ ಕಡಿಮೆ ಶಬ್ದದಲ್ಲೇ ಹಾಡು ತುಂಬಿ ಬಂತು. ಎಂಜಿನ್ ಚಾಲೂ ಆದಾಗ ಹಾಡು ಬಂದ್ ಎಂಬುದು ಈಗ ಆ ದೋಣಿಯ ಕಾನೂನು.

ಇನ್ನೊಂದು ಮಾತು. ಸ್ಟೀರಿಯೊದ ರೇಡಿಯೊ ಕೇಳಿಸುತ್ತದೆಯೇ ಹೊರತು ನಮ್ಮ ಮಾತನ್ನು ಯಾರಿಗೂ ತಲುಪಿಸುವುದಿಲ್ಲ. ಸಮುದ್ರದಲ್ಲಿ ಸಹಾಯ ಕೇಳಲು ವಿ.ಎಚ್.ಎಫ್. ಎಂಬ ಬೇರೆಯೇ ರೇಡಿಯೊ ಇದೆ. ಅದರ 16ನೇ ಚಾನಲ್ ಆಪತ್ತಿನ ಕರೆಗೆ ಮೀಸಲು. ಮೊಬೈಲ್ ಸಿಗ್ನಲ್ ಇದ್ದಲ್ಲಿ ಭಾರತೀಯ ತಟರಕ್ಷಣಾ ಪಡೆಯ ಸಂಖ್ಯೆ 1554ಕ್ಕೆ ಕರೆ ಮಾಡಬಹುದು.

ಮತ್ತೆ ನೀರಿಗೆ

ಮಳೆ ನಿಂತ ಮೇಲೆ ದೋಣಿ ನೀರಿಗಿಳಿಯಿತು. ಹಿಂದೆ ಸ್ಪೀಕರ್ ನುಂಗಿದ್ದ ಜಾಗದಲ್ಲಿ ಈಗ ಜೀವರಕ್ಷಕ ಜಾಕೆಟ್ಟುಗಳು, ಕೈ ಚಾಚಿದರೆ ಸಿಗುವಂತೆ. ಮೊಮ್ಮಗಳು ಹೊರಗೊಮ್ಮೆ, ಒಳಗೊಮ್ಮೆ ದಿಕ್ಸೂಚಿ ಹಿಡಿದು ನೋಡಿ, "ಈಗ ಎರಡೂ ಒಂದೇ ಹೇಳ್ತದೆ ಅಜ್ಜಾ" ಎಂದಳು. ಲಂಗರು ಹಾಕಿ ಎರಡು ಗಂಟೆ ಹಾಡು ಕೇಳಿದೆವು. ಬಳಿಕ ಮಾವ ಕೀಲಿ ತಿರುಗಿಸುವಾಗ ನಾವೆಲ್ಲ ಸುಮ್ಮನಾದೆವು. ಒಂದೇ ಸಲಕ್ಕೆ ಎಂಜಿನ್ ಗುರ್ರೆಂದಿತು. ಆ ದಿನ ಎಲ್ಲ ಹಾಡಿಗಿಂತ ಇಂಪಾಗಿ ಕೇಳಿದ್ದು ಅದೇ.

ಮಾಡಿ ನೋಡಿ

1. ಶಾಲೆಯ ದಿಕ್ಸೂಚಿಯನ್ನು ಮರದ ಮೇಜಿನ ಮೇಲಿಡಿ. ಕೆಟ್ಟುಹೋದ ಹಳೆಯ ಸ್ಪೀಕರೊಂದನ್ನು ಪಕ್ಕದಿಂದ ನಿಧಾನವಾಗಿ ಹತ್ತಿರ ತನ್ನಿ. 80, 40, 20 ಸೆಂ.ಮೀ. ದೂರದಲ್ಲಿ ಸೂಜಿ ಎಷ್ಟು ಡಿಗ್ರಿ ತಿರುಗಿತೆಂದು ಪಟ್ಟಿ ಮಾಡಿ.

2. ಪಾತ್ರೆ ತೊಳೆಯುವ ಸ್ಪಂಜಿನ ತುಂಡು, ಹಳೆಯ ಹವಾಯಿ ಚಪ್ಪಲಿಯ ತುಂಡು ಎರಡನ್ನೂ ತೂಗಿ. ನೀರಿನೊಳಗೆ ಒತ್ತಿ ಬಿಟ್ಟು, ಹೊರತೆಗೆದು ಮತ್ತೆ ತೂಗಿ. ಯಾವುದರ ಗುಳ್ಳೆಗಳು ಮುಚ್ಚಿವೆ?

ಎಚ್ಚರಿಕೆ: ವಾಹನದ ಅಥವಾ ದೋಣಿಯ ಬ್ಯಾಟರಿಯಲ್ಲಿ ಆಮ್ಲವಿರುತ್ತದೆ. ಅದನ್ನು ಬಿಚ್ಚಲು, ಅದರ ಎರಡು ತುದಿಗಳನ್ನು ಜೋಡಿಸಲು ಎಂದೂ ಹೋಗಬೇಡಿ.

ಯೋಚಿಸಿ

1. 48 ವಾಟಿನ ಸ್ಟೀರಿಯೊ 12 ವೋಲ್ಟ್ ಬ್ಯಾಟರಿಯಿಂದ ಎಷ್ಟು ಆಂಪೇರ್ ಎಳೆಯುತ್ತದೆ? 5 ಗಂಟೆ ಹಾಡಿದರೆ ಎಷ್ಟು ಆಂಪೇರ್-ಗಂಟೆ ಖರ್ಚಾಗುತ್ತದೆ?

2. ಫ್ಯೂಸ್ ಪದೇ ಪದೇ ಸುಡುತ್ತಿದೆ ಎಂದು ಒಬ್ಬರು ಅದರ ಜಾಗದಲ್ಲಿ ದಪ್ಪ ತಂತಿ ಕಟ್ಟಿದರು. ಇದು ಸರಿಯೇ? ಏಕೆ?

3. ಅಡುಗೆ ಅನಿಲವೂ ಗಾಳಿಗಿಂತ ಭಾರ. ಹಾಗಾದರೆ ಅಡುಗೆಮನೆಯಲ್ಲಿ ಸಿಲಿಂಡರ್ ಇಡುವ ಜಾಗದಲ್ಲಿ ಗಾಳಿಗಂಡಿ ಎಲ್ಲಿರಬೇಕು?